ಮೋಲೆ ಪೊಬ್ಲಾನೊ: ಮೆಣಸಿನಕಾಯಿ ಸೀಯದಂತೆ ನೋಡಿಕೊಳ್ಳಿ

ಮೋಲೆ ಪೊಬ್ಲಾನೊ ಅಂದರೆ ಮೆಕ್ಸಿಕೋದ ಪುಯೆಬ್ಲಾ ಕಡೆಯ, ಒಣಮೆಣಸಿನಕಾಯಿ ರುಬ್ಬಿ ಮಾಡುವ ಗಟ್ಟಿ ಮಸಾಲೆಯ ಕೋಳಿ ಅಡುಗೆ. ಅದನ್ನು ಚಾಕೊಲೇಟ್ ಚಿಕನ್ ಅಂದುಕೊಂಡು ಮಾಡುವವರೇ ಜಾಸ್ತಿ. ಬಾರ್‌ಗಟ್ಟಲೆ ಚಾಕೊಲೇಟ್ ಸುರಿದು, ಸಿಹಿಯಾಯ್ತು ಅಂತ ಪೇಚಾಡುತ್ತಾರೆ. ಒಂದು ಕೆ.ಜಿ. ಕೋಳಿಗೆ 30 ಗ್ರಾಂ ಸಾಕು, ಅದೂ ಡಾರ್ಕ್ ಚಾಕೊಲೇಟ್. ರುಚಿಯೆಲ್ಲ ಒಣಮೆಣಸಿನಕಾಯಿಯದೇ.

ಮೊದಲು ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಹಾಕಿ ಕೋಳಿ ಬೇಯಿಸಿ. ನೀರು ಚೆಲ್ಲಬೇಡಿ. ಮೂಳೆ ಸಮೇತ ಕಾಲು, ತೊಡೆಯೇ ಇರಲಿ. ಬೋನ್‌ಲೆಸ್ ಸುಮ್ನೆ ದಂಡ. ಅಲ್ಲಿ ಹಬ್ಬ, ಮದುವೆಗಳಿಗೆ ಟರ್ಕಿ ಕೋಳಿಯಲ್ಲೂ ಮಾಡುತ್ತಾರೆ.

ಎಲ್ಲರೂ ಎಡವುವುದು ಮೆಣಸಿನಕಾಯಿಯಲ್ಲಿ. ಆಂಚೊ, ಮುಲಾಟೊ, ಪಸಿಯಾ ಎಂಬ ಮೂರು ಜಾತಿ ಬೇಕು, ತಲಾ ಮೂರು ಕಾಯಿ. ತೊಟ್ಟು, ಬೀಜ ತೆಗೆದು ಬಿಡಿಸಿಕೊಳ್ಳಿ. ಎಣ್ಣೆ ಹದವಾಗಿ ಕಾಯಲಿ, ಹೊಗೆಯಾಡಬಾರದು. (ಅಲ್ಲಿನವರು ಹಂದಿ ಕೊಬ್ಬು ಬಳಸುತ್ತಾರೆ.) ಒಂದೆರಡೇ ಕಾಯಿ ಹಾಕಿ, ಒಂದೊಂದು ಬದಿ ಹತ್ತು ಸೆಕೆಂಡು ಬಾಡಿಸಿ. ಉಬ್ಬಿ, ಬಣ್ಣ ತಿರುಗಿ, ಘಮ ಬಂತೋ, ತೆಗೆದುಬಿಡಿ. ಕೆಮ್ಮು ಬರುವಷ್ಟು ಘಾಟು ಎದ್ದರೆ ಕೈ ಮೀರಿತು ಅಂತಲೇ ಲೆಕ್ಕ. ಸೀದ ಒಂದೇ ಕಾಯಿ ಸಾಕು, ಇಡೀ ಪಾತ್ರೆ ಕಹಿ. ಆಮೇಲೆ ಎಷ್ಟು ಸಕ್ಕರೆ ಹಾಕಿದರೂ ಹೋಗುವುದಿಲ್ಲ. ಅನುಮಾನ ಬಂದ ಕಾಯಿಯನ್ನು ಎಸೆಯಿರಿ. ಉಳಿದವನ್ನು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ. ಆ ನೀರನ್ನು ನಾಲಿಗೆಗೆ ಹಚ್ಚಿ ನೋಡಿ. ಕಹಿ ಇದ್ದರೆ ಚೆಲ್ಲಿ.

ಈ ಕಾಯಿಗಳು ಸಿಗದಿದ್ದರೆ ಬ್ಯಾಡಗಿ ನಡೆಯುತ್ತದೆ. ಬಣ್ಣ ಬರುತ್ತದೆ, ಆಂಚೊದ ಒಣದ್ರಾಕ್ಷಿಯಂಥ ಪರಿಮಳ ಬರುವುದಿಲ್ಲ. ಸಿಪ್ಪೆ ತೆಳು, ಇನ್ನೂ ಬೇಗ ಸೀಯುತ್ತದೆ. ಗುಂಟೂರು ಮಾತ್ರ ಬೇಡ.

ಅದೇ ಎಣ್ಣೆಯಲ್ಲಿ ಬಾದಾಮಿ, ಕಡಲೆಕಾಯಿ ಬೀಜ, ಒಣದ್ರಾಕ್ಷಿ, ಒಂದು ಟೋರ್ಟಿಯಾ (ಮೆಕ್ಕೆಜೋಳದ ತೆಳು ರೊಟ್ಟಿ) ಹುರಿಯಿರಿ. ಎಳ್ಳು ಬೇರೆ ಹುರಿದು, ಒಂದು ಚಮಚ ತೆಗೆದಿಡಿ. ಟೊಮೆಟೊ ಸುಡಿ. ಚಕ್ಕೆ, ಲವಂಗ, ಕಾಳುಮೆಣಸು ಚೂರೇ ಚೂರು. ಜಾಸ್ತಿಯಾದರೆ ನಮ್ಮ ಗರಂ ಮಸಾಲೆಯ ವಾಸನೆ ಹೊಡೆಯುತ್ತದೆ. ಇವೆಲ್ಲ ಸೇರಿಸಿ ರುಬ್ಬಿ. ಮೆಣಸಿನಕಾಯಿ ಬೇರೆ ರುಬ್ಬಿ ಜರಡಿ ಹಿಡಿಯಿರಿ, ಸಿಪ್ಪೆ ಬಾಯಿಗೆ ಸಿಗಬಾರದು.

ಬಾಟಲಿಯ ರೆಡಿ ಮೋಲೆ ಪೇಸ್ಟ್ ತರುವುದಾದರೆ ಮೊದಲು ಲೇಬಲ್ ಓದಿ. ಪಟ್ಟಿಯ ಮೊದಲಲ್ಲೇ ಸಕ್ಕರೆ ಇದ್ದರೆ ವಾಪಸ್ ಇಡಿ.

ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ, ಮೆಣಸಿನಕಾಯಿ ಪೇಸ್ಟನ್ನು ಹತ್ತು ನಿಮಿಷ ಕೈಬಿಡದೆ ತಿರುವಿ. ಸಿಡಿಯುತ್ತದೆ, ಉದ್ದ ಸೌಟು ಹಿಡಿಯಿರಿ. ಇದನ್ನು ಬಿಟ್ಟರೆ ಹಸಿ ವಾಸನೆ ಉಳಿಯುತ್ತದೆ. ಆಮೇಲೆ ಉಳಿದ ಮಸಾಲೆ, ಕೋಳಿ ಬೆಂದ ನೀರು ಹಾಕಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಡಿ, ಆಗಾಗ ತಳ ಕೆದಕಿ. ಎಣ್ಣೆ ಮೇಲೆ ತೇಲಿದಾಗ ಚಾಕೊಲೇಟ್, ಉಪ್ಪು, ಕೋಳಿ. ಹತ್ತು ನಿಮಿಷಕ್ಕೆ ಇಳಿಸಿ, ತೆಗೆದಿಟ್ಟ ಎಳ್ಳು ಉದುರಿಸಿ.

ಅನ್ನದ ಜೊತೆ ಬಡಿಸಿ. ಉಳಿದದ್ದು ಮರುದಿನ ಇನ್ನೂ ಚೆನ್ನಾಗಿರುತ್ತದೆ. ಅದರಲ್ಲಿ ಟೋರ್ಟಿಯಾ ಅದ್ದಿ ಮಡಚಿದರೆ ಎನ್ಮೊಲಾಡಾಸ್ ತಯಾರು.