ಬೀದಿನಾಯಿಯ ವಯಸ್ಸು ಎಷ್ಟು? ಹಲ್ಲು ನೋಡಿ ಅಂದಾಜಿಸುವುದು ಹೇಗೆ

ಕಳೆದ ಮಳೆಗಾಲದಲ್ಲಿ ಮಲ್ಲೇಶ್ವರದ ನಮ್ಮ ಅಡ್ಡರಸ್ತೆಯಲ್ಲಿ ನಿಂತಿದ್ದ ಆಟೊದ ಕೆಳಗೆ ಕಂದು ಬಣ್ಣದ ಮರಿಯೊಂದು ನಡುಗುತ್ತ ಕುಳಿತಿತ್ತು. ಎದುರುಮನೆಯ ಅಜ್ಜಿ ‘ಇನ್ನೂ ಎರಡು ತಿಂಗಳ ಕೂಸು’ ಎಂದರು. ಮೈ ನೋಡಿದರೆ ಹಾಗೇ ಇತ್ತು. ಮೆಲ್ಲಗೆ ತುಟಿ ಎತ್ತಿದೆ. ಅಕ್ಕಿಕಾಳಿನಂಥ ಹಾಲುಹಲ್ಲುಗಳ ಸಾಲಿನ ನಟ್ಟನಡುವೆ ಎರಡು ಅಗಲವಾದ ಹೊಸ ಹಲ್ಲುಗಳ ಅಂಚು ಒಸಡನ್ನು ಸೀಳಿ ಇಣುಕುತ್ತಿತ್ತು. ಅದಕ್ಕೆ ನಾಲ್ಕು ತಿಂಗಳಾಗುತ್ತ ಬಂದಿತ್ತು. ಮೂರನೇ ತಿಂಗಳಿಗೆ ಹಾಕಿಸಬೇಕಾದ ರೇಬಿಸ್ ಲಸಿಕೆ ತಡವಾಗಿತ್ತು. ಹೊಟ್ಟೆಗಿಲ್ಲದ ಮರಿಯ ಮೈ ಕುಗ್ಗುತ್ತದೆ, ಹಲ್ಲು ಮಾತ್ರ ಹೆಚ್ಚುಕಡಿಮೆ ಹೊತ್ತಿಗೆ ಸರಿಯಾಗಿ ಬರುತ್ತದೆ. ಆದ್ದರಿಂದ ಮೊದಲು ನೋಡಬೇಕಾದದ್ದು ಬಾಯಿ.

ನೋಡುವ ಮುನ್ನ ಒಂದು ಮಾತು. ಪರಿಚಯವಿಲ್ಲದ ನಾಯಿಯ ಬಾಯಿಗೆ ಕೈ ಹಾಕಲೇಬೇಡಿ. ಅದು ಆಕಳಿಸುವಾಗ, ಬಿಸಿಲಿಗೆ ನಾಲಗೆ ಚಾಚಿ ಏದುಸಿರು ಬಿಡುವಾಗ ದೂರದಿಂದ ಮೊಬೈಲ್‌ನಲ್ಲಿ ಫೋಟೊ ತೆಗೆದು ಹಿಗ್ಗಿಸಿ ನೋಡಿದರೆ ಸಾಕು. ಮರಿಯೇ ಆಗಲಿ, ಹಲ್ಲು ತಾಗಿ ಗೀರಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ.

ಈಗ ಮರಿಗಳ ಲೆಕ್ಕ. ಕಣ್ಣು ಬಿಡುವುದು 10ರಿಂದ 14 ದಿನಕ್ಕೆ. ಕಣ್ಣು ಬಿಟ್ಟಿದ್ದರೂ ಒಸಡು ಬೋಳಾಗಿದ್ದರೆ ಇನ್ನೂ ಮೂರು ವಾರದ ಒಳಗಿನ ಮರಿ, ತಾಯಿಯ ಹಾಲೇ ಬೇಕು. ಮೂರು-ನಾಲ್ಕು ವಾರಕ್ಕೆ ಸೂಜಿಮೊನೆಯಂಥ ಹಾಲುಹಲ್ಲು ಶುರುವಾಗಿ, ಎಂಟು ವಾರದ ಹೊತ್ತಿಗೆ 28 ಪೂರ್ತಿಯಾಗುತ್ತವೆ. ಆಮೇಲೆ ಸುಮಾರು ಒಂದು ತಿಂಗಳು ಬಾಯಿಯಲ್ಲಿ ಏನೂ ಬದಲಾಗುವುದಿಲ್ಲ. ಆಗ ಮಾತ್ರ ಮೈಗಾತ್ರದ ಮೇಲೆ ಊಹಿಸಬೇಕು. ಮೂರರಿಂದ ಐದು ತಿಂಗಳಲ್ಲಿ ಮುಂದಿನ ಬಾಚಿಹಲ್ಲುಗಳು ಬದಲಾಗುತ್ತವೆ. ಐದಾರು ತಿಂಗಳಿಗೆ ಕೋರೆಹಲ್ಲು. ಹಳೆಯದು ಬೀಳುವ ಮೊದಲೇ ಹೊಸದು ಪಕ್ಕದಲ್ಲಿ ಬಂದು ಕೆಲವು ದಿನ ಜೋಡಿಕೋರೆ ಕಾಣಿಸಿದರೆ ಗಾಬರಿ ಬೇಡ. ಏಳು ತಿಂಗಳಿಗೆ 42 ಹಲ್ಲುಗಳೂ ಬಂದಿರುತ್ತವೆ.

ಅಲ್ಲಿಂದಾಚೆ ತಿಂಗಳ ಲೆಕ್ಕ ಮುಗಿಯಿತು, ಸವೆತದ ಲೆಕ್ಕ ಆರಂಭ. ಹೊಸ ಬಾಚಿಹಲ್ಲಿನ ತುದಿಯನ್ನು ಹತ್ತಿರದಿಂದ ನೋಡಿ: ಮೂರು ಎಸಳಿನ ಹೂವಿನಂತೆ ನಡುವೆ ಒಂದು ಉಬ್ಬು, ಅಕ್ಕಪಕ್ಕ ಎರಡು. ಕೆಳದವಡೆಯ ನಡುವಿನ ಜೋಡಿಯಲ್ಲಿ ಈ ಎಸಳು ಸವೆದು ಅಂಚು ನೇರವಾಗಿದ್ದರೆ ಸುಮಾರು ಎರಡು ವರ್ಷ. ಅದರ ಪಕ್ಕದ ಜೋಡಿಯೂ ಸವೆದಿದ್ದರೆ ಮೂರರ ಆಸುಪಾಸು. ಮೇಲಿನ ಸಾಲಿಗೂ ಸವೆತ ಹತ್ತಿದ್ದರೆ ನಾಲ್ಕೈದು. ಆದರೆ ನಮ್ಮ ಬೀದಿಯ ನಾಯಿಗಳು ಕೋಳಿ ಅಂಗಡಿಯ ಮೂಳೆ ಕಡಿಯುತ್ತವೆ, ಕಲ್ಲು ಕಚ್ಚುತ್ತವೆ. ಎರಡು ವರ್ಷದ ನಾಯಿಯ ಬಾಯಿ ಐದರಂತೆ ಕಾಣಬಹುದು. ಹಲ್ಲಿನ ಬುಡದ ಹಳದಿ ಪಾಚಿಯನ್ನಂತೂ ನಾನು ಅಷ್ಟಾಗಿ ನಂಬುವುದಿಲ್ಲ. ಅದು ವಯಸ್ಸಿಗಿಂತ ಆಹಾರದ ಕಥೆಯನ್ನೇ ಹೆಚ್ಚು ಹೇಳುತ್ತದೆ.

ಮುದಿತನಕ್ಕೆ ಕಣ್ಣು ಒಳ್ಳೆಯ ಸಾಕ್ಷಿ. ಏಳೆಂಟು ವರ್ಷ ದಾಟಿದ ನಾಯಿಯ ಪಾಪೆಯಲ್ಲಿ ತೆಳುವಾದ ನೀಲಿ ಮಬ್ಬು ಕಾಣುತ್ತದೆ. ಅದು ಪೊರೆಯಲ್ಲ, ನಾಯಿಗೆ ದಾರಿ ಕಾಣುತ್ತಲೇ ಇರುತ್ತದೆ. ಹಾಲಿನಂತೆ ಬೆಳ್ಳಗಾಗಿದ್ದರೆ ಮಾತ್ರ ಪೊರೆಯ ಅನುಮಾನ. ಮೂತಿಯ ನರೆ ಬೇಗನೆ ಬರುವುದೂ ಉಂಟು. ಅದೊಂದನ್ನೇ ನೋಡಿ ಮುದಿ ಎನ್ನಬೇಡಿ.

ನಾಯಿಯ ಹತ್ತಿರದ ನೆಂಟ, ಅಮೆರಿಕದ ಕಯೋಟಿಯ ವಯಸ್ಸನ್ನು ವಿಜ್ಞಾನಿಗಳು ಹಲ್ಲಿನ ಬೇರನ್ನು ತೆಳುವಾಗಿ ಕೊಯ್ದು, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಡಿ ಪದರ ಎಣಿಸಿ ಹೇಳುತ್ತಾರೆ, ಮರದ ಉಂಗುರ ಎಣಿಸಿದ ಹಾಗೆ. ಕಯೋಟಿ ವರ್ಷಕ್ಕೊಮ್ಮೆ, ವಸಂತದಲ್ಲಿ ಮರಿ ಹಾಕುವುದರಿಂದ ಹುಟ್ಟಿದ ತಿಂಗಳು ಮೊದಲೇ ಗೊತ್ತು, ಎಣಿಸಬೇಕಾದದ್ದು ವರ್ಷ ಮಾತ್ರ. ನಮ್ಮ ನಾಯಿಗಳು ಯಾವ ತಿಂಗಳಲ್ಲಾದರೂ ಮರಿ ಹಾಕುತ್ತವೆ. ಬದುಕಿರುವ ನಾಯಿಯ ಹಲ್ಲು ಕಿತ್ತು ಎಣಿಸುವ ಪ್ರಶ್ನೆಯೂ ಇಲ್ಲ.

ಆದ್ದರಿಂದ ಲಸಿಕೆ ಚೀಟಿಯಲ್ಲಿ ‘ಮೂರರಿಂದ ಐದು ವರ್ಷ’ ಎಂದು ಬರೆಸಿ, ಪಕ್ಕದಲ್ಲಿ ನೋಡಿದ ದಿನಾಂಕವನ್ನೂ ಹಾಕಿಸಿ. ಮರಿಯಾದರೆ ಹಲ್ಲಿನ ಫೋಟೊ ಇಟ್ಟುಕೊಂಡು ಮೂರು ವಾರದ ನಂತರ ಇನ್ನೊಂದು ತೆಗೆಯಿರಿ. ಎರಡನ್ನೂ ಪಶುವೈದ್ಯರಿಗೆ ತೋರಿಸಿದರೆ ಅಂದಾಜು ಇನ್ನಷ್ಟು ಬಿಗಿಯಾಗುತ್ತದೆ.