ಕೆಳಗಿನ ಅಂತಸ್ತಿಗೆ ಬಾಡಿಗೆದಾರರು ಬಂದದ್ದು

ಮಡಿಕೇರಿಯಲ್ಲಿ ಹೋಂಸ್ಟೇ ಸಿಕ್ಕಷ್ಟು ಸಲೀಸಾಗಿ ಬಾಡಿಗೆ ಮನೆ ಸಿಗುವುದಿಲ್ಲ. ಬಾಡಿಗೆ ದುಬಾರಿಯಾಗಲು ಹೋಂಸ್ಟೇಗಳೇ ಕಾರಣ, ಅವನ್ನು ಬಿಗಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ನಾನು ಮನೆಗಳ ನಕ್ಷೆ ತಯಾರಿಸುವ ಎಂಜಿನಿಯರ್. ಹೋಂಸ್ಟೇ ಕೋಣೆಗಳ ನಕ್ಷೆಯನ್ನೂ ಬೇಕಾದಷ್ಟು ಮಾಡಿಕೊಟ್ಟಿದ್ದೇನೆ. ಕಿಟಕಿ ತೆರೆದರೆ ಬೆಟ್ಟ ಕಾಣುವ ಕೋಣೆಯನ್ನು ತಿಂಗಳ ಬಾಡಿಗೆಗೆ ಕೊಡಿ ಎಂದರೆ ಯಾವ ಮಾಲೀಕರೂ ಕೇಳುವುದಿಲ್ಲ. ಎದುರು ಮನೆಯ ನೀರಿನ ಟ್ಯಾಂಕ್ ಕಾಣುವ ಕೋಣೆಯ ಕಥೆ ಬೇರೆ. ಅಲ್ಲಿಗೆ ಪ್ರವಾಸಿ ಬರುವುದಿಲ್ಲ, ಆಸ್ಪತ್ರೆಯ ನರ್ಸ್ ಬರುತ್ತಾರೆ.

ನಮ್ಮ ಮನೆಯಲ್ಲಿ ಅಂಥ ಜಾಗವಿತ್ತು. ಇಳಿಜಾರಿನಲ್ಲಿ ಕಟ್ಟಿದ ಮನೆಗಳಿಗೆ ರಸ್ತೆಯ ಮಟ್ಟದಲ್ಲಿ ಮುಂಬಾಗಿಲು; ಅದರ ಅಡಿಯಲ್ಲಿ ಕಂಬಗಳ ನಡುವೆ ಸೌದೆ, ಹಳೆಯ ಹಂಚು, ಕಾಫಿ ಚೀಲ. ಆ ಜಾಗವನ್ನೇ ಎರಡು ಸಣ್ಣ ಮನೆ ಮಾಡಿದೆ.

ಮೊದಲೇ ಹಾಕಿಕೊಂಡ ಷರತ್ತೆಂದರೆ ಹೊಸದಾಗಿ ಬರೆ, ಅಂದರೆ ಮನೆಯ ಹಿಂದಿನ ಕಡಿದಾದ ಮಣ್ಣಿನ ದಿಬ್ಬ, ಕಡಿಯಬಾರದು. 2018ರ ಆಗಸ್ಟ್‌ನಲ್ಲಿ ನಮ್ಮೂರಿನ ಇಂದಿರಾನಗರ, ಚಾಮುಂಡೇಶ್ವರಿನಗರದ ಇಳಿಜಾರುಗಳು ಕುಸಿದದ್ದನ್ನು ಕಂಡವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಿಲ್ಲ. ಹಿಂಬದಿಯ ಗೋಡೆಯನ್ನು ಬರೆಗೆ ತಾಗಿಸದೆ ಒಬ್ಬರು ನಡೆದಾಡುವಷ್ಟು ಜಾಗ ಬಿಟ್ಟೆ. ಗಾಳಿಯಾಡದಿದ್ದರೆ ಜುಲೈ ಹೊತ್ತಿಗೆ ಗೋಡೆಗೆ ಬೂಷ್ಟು, ಬಟ್ಟೆಗೂ ಬೂಷ್ಟು. ತಡೆಗೋಡೆಯಲ್ಲಿ ನೀರು ಹೊರಬರಲು ರಂಧ್ರಗಳನ್ನು ಇಟ್ಟು, ಅದರ ಹಿಂದೆ ಜಲ್ಲಿ ತುಂಬಿಸಿದೆ. ಮಣ್ಣಿನೊಳಗೆ ಕಟ್ಟಿಕೊಂಡ ನೀರಿನ ಒತ್ತಡವೇ ಎಷ್ಟೋ ತಡೆಗೋಡೆಗಳನ್ನು ಬೀಳಿಸುವುದು. ಛಾವಣಿಯ ನೀರನ್ನು ಇಳಿಜಾರಿಗೆ ಬಿಡದೆ ಪೈಪಿನಲ್ಲಿ ಚರಂಡಿ ಸೇರಿಸಿದೆ. ಟೈಲ್ಸ್‌ಗಿಂತ ಹೆಚ್ಚು ಖರ್ಚಾದದ್ದು ಈ ಕೆಲಸಗಳಿಗೆ. ಕೈ ಬಿಗಿಯಿದ್ದರೆ ಟೈಲ್ಸ್ ಬಿಡಿ, ಇವನ್ನು ಬಿಡಬೇಡಿ.

ಪರವಾನಗಿಯ ವಿಷಯ ಹೇಳಿದರೆ ಮುಗಿಯುವುದಿಲ್ಲ. ಹಳೆಯ ಖಾತೆಯ ಅಳತೆಗೂ ತೆರಿಗೆ ದಾಖಲೆಯ ಅಳತೆಗೂ ತಾಳೆಯಾಗದೆ ಕಡತ ಒಂದು ಕಚೇರಿಯಲ್ಲಿ ಮಳೆಗಾಲವಿಡೀ ಮಲಗಿತ್ತು. ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಒಂದು ಬುದ್ಧಿಮಾತು: ಎರಡೂ ಮನೆಗೆ ಪ್ರತ್ಯೇಕ ಮೀಟರ್ ಹಾಕಿಸಿ. ವಿದ್ಯುತ್ ಬಿಲ್ಲಿನಲ್ಲಿರುವ ಸಂಪರ್ಕದ ಸಂಖ್ಯೆ, ಅಂದರೆ ಆರ್‌ಆರ್ ಸಂಖ್ಯೆ, ಪ್ರತ್ಯೇಕವಾಗಿದ್ದರೆ ಬಾಡಿಗೆದಾರರಿಗೂ ಗೃಹಜ್ಯೋತಿಯ ಉಚಿತ ವಿದ್ಯುತ್ ಸಿಗುತ್ತದೆ.

2016ರಲ್ಲಿ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಊರಿನಲ್ಲಿ ಬಾಡಿಗೆ ಮನೆ ಹುಡುಕುವವರು ಹೆಚ್ಚಾದರು. ನನ್ನಲ್ಲಿಗೆ ಬಂದವರು ಮದುವೆಯಾಗದ ಇಬ್ಬರು ನರ್ಸ್‌ಗಳು. ಒಂಟಿ ಹೆಣ್ಣುಮಕ್ಕಳಿಗೆ ಕೊಡುವುದಿಲ್ಲ ಎಂದು ಹಲವು ಕಡೆ ಬಾಗಿಲು ಹಾಕಿದ್ದರಂತೆ. ಒಂದು ಮನೆಯ ಗೇಟಿನಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡೂ ಇತ್ತಂತೆ, ಹಂದಿಮಾಂಸವಿಲ್ಲದೆ ಕೈಲ್‌ಪೊಳ್ದ್ ಹಬ್ಬವೇ ಇಲ್ಲದ ಕೊಡಗಿನಲ್ಲಿ! ಮನೆಗಳ ಸಂಖ್ಯೆ ಹೆಚ್ಚಿದರಷ್ಟೇ ಸಾಲದು ಎನ್ನುವುದು ಇದಕ್ಕೇ.

ಮುಂಗಡ ಎರಡು ತಿಂಗಳ ಬಾಡಿಗೆಯಷ್ಟೇ ಪಡೆದೆ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಹಾಕಿರುವ ಮಿತಿ ಅದು. ಹತ್ತು ತಿಂಗಳ ಮುಂಗಡ ಕೇಳುವ ಬೆಂಗಳೂರಿನ ಪದ್ಧತಿ ಇಲ್ಲಿಗೆ ಬೇಡ. ಕರಾರು ಎಲ್ಲರಂತೆ ಹನ್ನೊಂದು ತಿಂಗಳದ್ದು. ವರ್ಷ ಮೀರಿದರೆ ನೋಂದಣಿ ಕಡ್ಡಾಯ.

ಲೆಕ್ಕ ಹೇಳುವುದಾದರೆ, ರಜೆಯ ವಾರಾಂತ್ಯಗಳಲ್ಲಿ ಪಕ್ಕದ ಹೋಂಸ್ಟೇಯವರ ಮುಂದೆ ನನ್ನ ಬಾಡಿಗೆ ಏನೂ ಅಲ್ಲ. ಭೂಕುಸಿತದ ಎಚ್ಚರಿಕೆ ಬಂದು ಪ್ರವಾಸಿಗರು ಬುಕಿಂಗ್ ರದ್ದು ಮಾಡುವಾಗ ನನಗೆ ಮಾತ್ರ ತಿಂಗಳ ಹಣ ಬರುತ್ತದೆ. ಹಾಸಿಗೆಯ ಬಟ್ಟೆ ಒಗೆಯುವ ಕೆಲಸವೂ ಇಲ್ಲ.

ಸರ್ಕಾರದ ವಸತಿ ಯೋಜನೆಗಳು ಬೇಡವೆಂದಲ್ಲ. 2018ರಲ್ಲಿ ಮನೆ ಕಳೆದುಕೊಂಡವರಿಗೆ ಜಂಬೂರು, ಮದೆನಾಡು, ಕರ್ಣಂಗೇರಿಗಳಲ್ಲಿ ಕಟ್ಟಿದ ಮನೆಗಳು ಆಸರೆಯಾದವು. ನಗರಗಳ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಸ್ವಂತ ನಿವೇಶನವಿದ್ದವರು ಮನೆ ಕಟ್ಟಿಕೊಳ್ಳಲು ಕೇಂದ್ರ 1.5 ಲಕ್ಷ ರೂಪಾಯಿ ಕೊಡುತ್ತದೆ. ಎರಡು ವರ್ಷ ಇಲ್ಲಿದ್ದು ವರ್ಗವಾಗಿ ಹೋಗುವ ಶಿಕ್ಷಕಿಗೆ ಇವೆರಡೂ ಉಪಯೋಗವಿಲ್ಲ.

ಹಾಗಾಗಿ ವಾರ್ಡ್‌ನ ಸದಸ್ಯರಿಗೆ ಒಂದು ಮನವಿ ಬರೆದುಕೊಟ್ಟಿದ್ದೇನೆ. ಆಸ್ತಿ ತೆರಿಗೆಯ ಪಟ್ಟಿ ಹಿಡಿದು ಇಳಿಜಾರಿನ ಮನೆಗಳಲ್ಲಿ ಖಾಲಿ ಬಿದ್ದಿರುವ ಕೆಳ ಅಂತಸ್ತುಗಳನ್ನು ಗುರುತಿಸಬೇಕು. ಮಣ್ಣು ಕಡಿಯುವುದಿಲ್ಲವೆಂದು ಎಂಜಿನಿಯರ್ ಬರೆದುಕೊಟ್ಟ ಕಡತಕ್ಕೆ ಗಡುವಿನೊಳಗೆ ಪರವಾನಗಿ ಕೊಡಬೇಕು. ವರ್ಷವಿಡೀ ಬಾಡಿಗೆಗೆ ಕೊಟ್ಟವರಿಗೆ ತೆರಿಗೆಯಲ್ಲಿ ರಿಯಾಯಿತಿ ಸಿಗಬೇಕು. ರಿಯಾಯಿತಿಯ ಮಾತಿಗೆ ಸದಸ್ಯರು ಹುಬ್ಬೇರಿಸಿದರು. ಸಮೀಕ್ಷೆಯ ವಿಷಯವನ್ನು ಮುಂದಿನ ಸಭೆಯಲ್ಲಿ ಎತ್ತುತ್ತೇನೆ ಎಂದಿದ್ದಾರೆ.