ಮಕ್ಕಳ ಜೊತೆ ಮಾನ್‌ಸ್ಟರ್ ಟ್ರಕ್ ಶೋಗೆ ಹೊರಟಿದ್ದೀರಾ?

ದಕ್ಷಿಣ ಕ್ಯಾಲಿಫೋರ್ನಿಯಾಗೆ ಹೊಸದಾಗಿ ಬಂದಿದ್ದೀರಿ, ಮನೆಯಲ್ಲಿ ಐದಾರು ವರ್ಷದ ಮಗು ಇದೆ ಎಂದರೆ ಚಳಿಗಾಲದಲ್ಲಿ ಒಂದು ಹಟ ಶುರುವಾಗುತ್ತದೆ: ಮಾನ್‌ಸ್ಟರ್ ಜ್ಯಾಮ್‌ಗೆ ಹೋಗೋಣ. ದೈತ್ಯ ಟೈರಿನ ಮಾನ್‌ಸ್ಟರ್ ಟ್ರಕ್ಕುಗಳು ಓಡಿ ಹಾರುವ ಶೋ ಅದು. ಅನಾಹೈಮ್‌ನ ಏಂಜಲ್ ಸ್ಟೇಡಿಯಂ ಬೇಸ್‌ಬಾಲ್ ಮೈದಾನ. ಆಟ ಇಲ್ಲದ ತಿಂಗಳುಗಳಲ್ಲಿ ಅಲ್ಲಿ ಲೋಡುಗಟ್ಟಲೆ ಮಣ್ಣು ಸುರಿದು, ದಿಬ್ಬ ಮಾಡಿ ಈ ಶೋ ನಡೆಸುತ್ತಾರೆ. ಬರೀ ಗದ್ದಲ, ದುಡ್ಡು ದಂಡ ಎಂದು ತಳ್ಳಿಹಾಕಬೇಡಿ. ತಯಾರಾಗಿ ಹೋದರೆ ಇಡೀ ಮನೆಯೇ ಸಂತೋಷಪಡುವ ಸಂಜೆ ಅದು. ಆದರೆ ಎಲ್ಲಕ್ಕಿಂತ ಮೊದಲು ಮಕ್ಕಳ ಕಿವಿಯ ಬಗ್ಗೆ ಯೋಚನೆ ಮಾಡಿ.

ಒಂದೊಂದು ಟ್ರಕ್ಕಿನ ಎಂಜಿನ್ ಸುಮಾರು 1,500 ಅಶ್ವಶಕ್ತಿಯದು. ಸುಡುವುದು ಮೆಥನಾಲ್. ಅದರ ಸದ್ದು ಎದೆಗೇ ಬಡಿಯುತ್ತದೆ. ಮಕ್ಕಳಿಗೆ ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಬೇಕೇ ಬೇಕು. ಹಾಡು ಕೇಳುವ ಹೆಡ್‌ಫೋನ್ ಸಾಲದು. ಸದ್ದನ್ನು ಎಷ್ಟು ತಗ್ಗಿಸುತ್ತದೆ ಎಂದು ತಿಳಿಸುವ ಎನ್‌ಆರ್‌ಆರ್ ಎಂಬ ಸಂಖ್ಯೆಯನ್ನು ಡಬ್ಬದ ಮೇಲೆ ಬರೆದಿರುತ್ತಾರೆ, ಅದು 20ಕ್ಕಿಂತ ಜಾಸ್ತಿ ಇರಲಿ. ಮೊದಲೇ ತಂದಿಟ್ಟು, ಮನೆಯಲ್ಲಿ ಮಿಕ್ಸಿ ಹಾಕುವಾಗ ಮಗುವಿಗೆ ತೊಡಿಸಿ ಅಭ್ಯಾಸ ಮಾಡಿಸಿ. ಅಲ್ಲಿಗೆ ಹೋದ ಮೇಲೆ ಮೊದಲ ಸಲ ಹಾಕಿದರೆ ಕಿತ್ತೆಸೆಯುತ್ತಾರೆ. ದೊಡ್ಡವರಿಗೆ ಫೋಮ್ ಇಯರ್‌ಪ್ಲಗ್ ಸಾಕು, ಆದರೆ ಅದನ್ನು ಹಾಕದೆ ಹೋಗಬೇಡಿ. ಕೈಗೂಸು ಇದ್ದರೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ಮನೆಯಲ್ಲೇ ಇರುವುದು ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ.

ಟಿಕೆಟ್ ತೆಗೆದುಕೊಳ್ಳುವಾಗ ತೀರಾ ಮುಂದಿನ ಸಾಲಿಗೆ ಆಸೆಪಡಬೇಡಿ. ಅಲ್ಲಿ ಮಣ್ಣು ಸಿಡಿಯುತ್ತದೆ, ದಿಬ್ಬದ ಆಚೆಗೆ ಏನು ನಡೆಯುತ್ತಿದೆ ಎಂದು ಕಾಣುವುದೂ ಇಲ್ಲ. ಸ್ವಲ್ಪ ಮೇಲೆ ಕೂತರೆ ಇಡೀ ಅಂಕಣ ಕಣ್ಣಿಗೆ ಬೀಳುತ್ತದೆ. ಹಾಗೆ ಉಳಿದ ದುಡ್ಡನ್ನು ಪಿಟ್ ಪಾರ್ಟಿಗೆ ಹಾಕಿ. ಶೋಗೆ ಕೆಲವು ಗಂಟೆ ಮೊದಲು ಟ್ರಕ್ಕುಗಳನ್ನು ಹತ್ತಿರದಿಂದ ನೋಡಲು ಬಿಡುತ್ತಾರೆ, ಅದೇ ಪಿಟ್ ಪಾರ್ಟಿ. ಅದಕ್ಕೆ ಬೇರೆ ಪಾಸು ಬೇಕು. ಆ ಪಾಸಿನ ಜೊತೆ ಶೋ ಟಿಕೆಟ್ಟೂ ಇರಬೇಕು, ಮರೆಯಬೇಡಿ.

ನನ್ನ ಮಟ್ಟಿಗೆ ಇಡೀ ದಿನದಲ್ಲಿ ಇದೇ ಚೆನ್ನಾದ ಭಾಗ. ಟೈರೇ 66 ಇಂಚು ಎತ್ತರ, ಅಂದರೆ ಐದೂವರೆ ಅಡಿ. ಮಗುವನ್ನು ಅದರ ಪಕ್ಕ ನಿಲ್ಲಿಸಿ ಫೋಟೋ ತೆಗೆಯಿರಿ. ಹಾಗೇ ಟೈರಿನ ಮೇಲೆ ಬಿಕೆಟಿ ಎಂದು ಬರೆದಿರುವುದನ್ನೂ ತೋರಿಸಿ. ಅದು ಮುಂಬೈಯ ಬಾಲಕೃಷ್ಣ ಇಂಡಸ್ಟ್ರೀಸ್ ಕಂಪನಿ! ನಮ್ಮ ದೇಶದ ಕಂಪನಿಯ ಟೈರಿನ ಮೇಲೆ ಸುಮಾರು 5,400 ಕಿಲೋ ತೂಕದ ಗಾಡಿ ಹಾರುತ್ತದೆ ಎಂದು ಹೇಳಿದರೆ ಮಕ್ಕಳ ಮುಖ ಅರಳುತ್ತದೆ. ಚಾಲಕರೂ ಅಲ್ಲೇ ಸಿಗುತ್ತಾರೆ, ಹಸ್ತಾಕ್ಷರ ಕೊಡುತ್ತಾರೆ. ಸೀಟು ಗಾಡಿಯ ನಟ್ಟನಡುವೆ ಯಾಕಿದೆ, ಹಿಂದಿನ ಚಕ್ರವನ್ನು ಹೇಗೆ ತಿರುಗಿಸುತ್ತೀರಿ ಎಂದು ಮಗುವಿನಿಂದಲೇ ಕೇಳಿಸಿ. ಹಿಂದಿನ ಚಕ್ರಗಳಿಗೆ ಕೈಯಳತೆಯಲ್ಲೇ ಒಂದು ಸ್ವಿಚ್ ಇರುತ್ತದೆ.

ಇದೆಲ್ಲ ಶುರುವಾದದ್ದು ಸೇಂಟ್ ಲೂಯಿಸ್ ಕಡೆಯ ಬಾಬ್ ಚಾಂಡ್ಲರ್ ಎಂಬುವರಿಂದ. ತಮ್ಮ ಫೋರ್ಡ್ ಪಿಕಪ್‌ಗೆ ದೊಡ್ಡ ದೊಡ್ಡ ಟೈರು ಹಾಕುತ್ತಾ ಬಂದು ಅದಕ್ಕೆ ಬಿಗ್‌ಫುಟ್ ಎಂದು ಹೆಸರಿಟ್ಟರು. 1981ರಲ್ಲಿ ಅದನ್ನು ಹಳೇ ಕಾರುಗಳ ಮೇಲೆ ಹತ್ತಿಸಿದರು. ಮಕ್ಕಳ ಬಾಯಲ್ಲಿ ಸದಾ ಇರುವ ಗ್ರೇವ್ ಡಿಗ್ಗರ್ ಎಂಬ ಟ್ರಕ್ 1982ರಲ್ಲಿ ಡೆನಿಸ್ ಆಂಡರ್ಸನ್ ಕಟ್ಟಿದ್ದು. 2017ರಲ್ಲಿ ಅವರ ಮಗಳು ಕ್ರಿಸ್ಟನ್ ಕೂಡ ಗ್ರೇವ್ ಡಿಗ್ಗರ್ ಓಡಿಸಲು ಶುರುಮಾಡಿದರು. ಇದು ಗಂಡುಮಕ್ಕಳ ಆಟ ಎಂದು ಮಗಳನ್ನು ದಯವಿಟ್ಟು ಮನೆಯಲ್ಲಿ ಬಿಡಬೇಡಿ.

ಶೋನಲ್ಲಿ ರೇಸ್ ಇರುತ್ತದೆ, ಎರಡೇ ಚಕ್ರದ ಮೇಲೆ ಓಡಿಸುವ ಕಸರತ್ತು ಇರುತ್ತದೆ, ಕೊನೆಗೆ ಫ್ರೀಸ್ಟೈಲ್, ಅಂದರೆ ಚಾಲಕರು ತಮಗೆ ತೋಚಿದಂತೆ ಟ್ರಕ್ ಹಾರಿಸಿ ಕುಣಿಸುವುದು. ಅಂಕ ಕೊಡುವುದು ಪ್ರೇಕ್ಷಕರೇ, ಫೋನಿನಲ್ಲಿ. ಹಾಗಾಗಿ ಚಾರ್ಜ್ ಉಳಿಸಿಕೊಳ್ಳಿ, ಗೇಟಿನಲ್ಲಿ ಟಿಕೆಟ್ ತೋರಿಸುವುದೂ ಅದರಲ್ಲೇ. ಫ್ರೀಸ್ಟೈಲ್‌ನಲ್ಲಿ ಟ್ರಕ್ ಮಗುಚಿ ಬೀಳುವುದು ಮಾಮೂಲು. ಪುಟ್ಟ ಮಕ್ಕಳು ಹೆದರಿಬಿಡುತ್ತಾರೆ. ಒಳಗೆ ಗಟ್ಟಿ ಉಕ್ಕಿನ ಪಂಜರ ಇದೆ, ಚಾಲಕರು ಬೆಲ್ಟು ಬಿಗಿದು ಹೆಲ್ಮೆಟ್ ಹಾಕಿದ್ದಾರೆ, ಹೊರಗೆ ನಿಂತವರ ಕೈಲಿರುವ ರಿಮೋಟ್‌ನಿಂದ ಎಂಜಿನ್ ಆರಿಸಬಹುದು ಎಂದು ಮೊದಲೇ ಹೇಳಿಡಿ. ಚಾಲಕರು ಹೊರಬಂದು ಕೈ ಬೀಸಿದಾಗ ಮಗುವೂ ಕೂಗಲಿ ಬಿಡಿ.

ಮನೆಯಲ್ಲೇ ಹೊಟ್ಟೆ ತುಂಬಾ ಊಟ ಮಾಡಿಕೊಂಡು ಹೊರಡಿ. ಸಸ್ಯಾಹಾರಿಗಳಿಗೆ ಅಲ್ಲಿ ಸಿಗುವುದು ಹೆಚ್ಚಾಗಿ ಪಾಪ್‌ಕಾರ್ನ್, ಫ್ರೈಸ್, ಪ್ರೆಟ್ಜೆಲ್, ಚೀಸ್ ಪಿಜ್ಜಾ, ಬೆಲೆಯೂ ಜೋರು. ಚೀಲ, ನೀರಿನ ಬಾಟಲಿ, ಹೊರಗಿನ ತಿಂಡಿಯ ನಿಯಮ ಒಂದೊಂದು ಸ್ಟೇಡಿಯಂನಲ್ಲಿ ಒಂದೊಂದು ಥರ. ಹಲವು ಕಡೆ ಒಳಗಿನದು ಕಾಣುವಂಥ ಪ್ಲಾಸ್ಟಿಕ್ ಚೀಲ ಮಾತ್ರ ಬಿಡುತ್ತಾರೆ. ಆಟಿಕೆ ಅಂಗಡಿಗಳು ದಾರಿಯುದ್ದಕ್ಕೂ ಇರುತ್ತವೆ, ಒಂದೇ ಒಂದು ಎಂದು ಮನೆಯಲ್ಲೇ ಮಾತಾಡಿಕೊಳ್ಳಿ. ಕ್ಯಾಲಿಫೋರ್ನಿಯಾ ಅಲ್ವಾ ಎಂದು ಜಾಕೆಟ್ ಬಿಡಬೇಡಿ, ಬಯಲಿನಲ್ಲಿ ರಾತ್ರಿ ಚಳಿ ಹಿಡಿಯುತ್ತದೆ. ಊರಿಂದ ಬಂದ ಅಜ್ಜಿ ತಾತ ಜೊತೆಗಿದ್ದರೆ ಕಡಿಮೆ ಮೆಟ್ಟಿಲಿರುವ ಕಡೆ ಸೀಟು ನೋಡಿ. ಪಾರ್ಕಿಂಗ್‌ಗೂ ಮೊದಲೇ ದುಡ್ಡು ಕಟ್ಟಿ, ಕಾರು ನಿಲ್ಲಿಸಿದ ಕಡೆ ಕಂಬದ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ.